ಕಾಯಿಲೆಯವರ ಪಟ್ಟಿ

ರೋಲರು ಕೈ ಹಿಡಿದಾಗ ಸದ್ದಾಗಲಿಲ್ಲ. ಸದ್ದಾದದ್ದು ಆಮೇಲೆ, ಚಿಕ್ಕವಳ ಬಾಯಿಂದ.

ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ ಅದು. ಅಕ್ಕತಂಗಿ ಇಬ್ಬರೂ ಅಲ್ಲೇ ಕೆಲಸಕ್ಕಿದ್ದರು. ಎಲ್ಲರೂ ಅವರನ್ನು ದೊಡ್ಡವಳು, ಚಿಕ್ಕವಳು ಅಂತಲೇ ಕರೆಯುತ್ತಿದ್ದರು. ಒಗೆದು ಹಿಂಡಿದ ಬೆಡ್‌ಶೀಟಿನ ಎರಡು ತುದಿಯನ್ನು ಇಬ್ಬರು ಹಿಡಿದು ಕಾದ ರೋಲರಿನ ಬಾಯಿಗೆ ಕೊಡಬೇಕು. ಆ ಕಡೆಯಿಂದ ಅದು ಒಣಗಿ ಇಸ್ತ್ರಿಯಾಗಿ ಬರುತ್ತದೆ. ಗಂಟೆಗೆ ನೂರಿಪ್ಪತ್ತು ಶೀಟು. ಹನ್ನೊಂದು ವರ್ಷದಿಂದ ಒಂದು ತುದಿ ದೊಡ್ಡವಳದ್ದು. ಆರು ವರ್ಷದಿಂದ ಇನ್ನೊಂದು ತುದಿ ಚಿಕ್ಕವಳದ್ದು. ಅವತ್ತು ತಂಗಿಯ ಬೆರಳು ಒಳಗೆ ಹೋಗುವುದನ್ನು ದೊಡ್ಡವಳು ತನ್ನ ತುದಿ ಹಿಡಿದುಕೊಂಡೇ ನೋಡಿದಳು. ನಿಲ್ಲಿಸುವ ಗುಂಡಿ ಇದ್ದದ್ದು ಹಿಂದಿನ ಗೋಡೆಯಲ್ಲಿ, ಏಳು ಹೆಜ್ಜೆ ದೂರ. ಓಡಿದಳು. ಅಷ್ಟರಲ್ಲಿ ಬಲಗೈಯ ನಾಲ್ಕು ಬೆರಳು ಮುಗಿದಿದ್ದವು.

ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಇರಬೇಕು. ಹೆಂಗಸರು ಅದನ್ನು ಕೈತಡೆ ಅನ್ನುತ್ತಾರೆ. ಬೆರಳು ತಾಗಿದರೆ ಸಾಕು, ರೋಲರು ತಾನಾಗಿ ನಿಲ್ಲುತ್ತದೆ. ಆದರೆ ದಪ್ಪ ಹೊಲಿಗೆ ತಾಗಿದರೂ ನಿಲ್ಲುತ್ತದೆ. ದಿನಕ್ಕೆ ಹತ್ತು ಸಲ ನಿಂತರೆ ಕೆಲಸ ಹಿಂದೆ ಬೀಳುತ್ತದೆ. ಅದಕ್ಕೆ ಮೇಸ್ತ್ರಿ ಅದನ್ನು ಕೈಯಾರೆ ಬಿಚ್ಚಿ ತನ್ನ ಬೀರುವಿನ ಮೇಲೆ ಎಸೆದಿದ್ದ. ಕೈ ಕೆಸರಾದರೆ ಬಾಯಿ ಮೊಸರು ಅಂತ ಹೆಂಗಸರಿಗೆ ಬುದ್ಧಿ ಹೇಳುವ ಚಟ ಅವನಿಗೆ. ಕೈಯೇ ಹೋದರೆ ಬಾಯಿಗೇನು ಅಂತ ಆ ಗಾದೆ ಮಾಡಿದವರೂ ಹೇಳಿಲ್ಲ.

ಮೂರನೇ ದಿನ ಮೇಸ್ತ್ರಿ ಆಸ್ಪತ್ರೆಗೆ ಬಂದ. ದೊಡ್ಡವಳು ಔಷಧಿ ತರಲು ಕೆಳಗೆ ಹೋಗಿದ್ದಳು. ಚಿಕ್ಕವಳು ಇನ್ನೂ ಮತ್ತಿನಲ್ಲಿದ್ದಳು. ಅವನು ಅವಳ ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚಿ ಒಂದು ಕಾಗದದ ಮೇಲೆ ಒತ್ತಿಸಿಕೊಂಡ. ನಾನು ಮಾತಾಡುತ್ತಾ ನಿರ್ಲಕ್ಷ್ಯದಿಂದ ಕೈ ಹಾಕಿದೆ, ಯಾರದ್ದೂ ತಪ್ಪಿಲ್ಲ ಅಂತ ಅದರಲ್ಲಿ ಬರೆದಿತ್ತು. ಓದು ಬಲ್ಲವಳಿಗೆ ಹೆಬ್ಬೆಟ್ಟು. ದೊಡ್ಡವಳು ಮೇಲೆ ಬಂದಾಗ ತಂಗಿಯ ಒಳ್ಳೆಯ ಕೈಗೂ ಮಸಿ ಮೆತ್ತಿತ್ತು.

ಈ ಮೇಸ್ತ್ರಿ ಅಕ್ಕತಂಗಿ ಹೋಗುವ ಚರ್ಚಿನ ಸಭೆಯವನೇ. ಭಾನುವಾರ ಕಣ್ಣು ಸರಿಯಾಗಿ ಕಾಣದ ತನ್ನ ತಾಯಿಯ ಕೈಹಿಡಿದು ಕರೆತಂದು ಮುಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದ. ಒಳ್ಳೆಯ ಕಂಠ. ವಾಕ್ಯ ಓದಲು ಅವನನ್ನೇ ಕರೆಯುತ್ತಿದ್ದರು.

ಚಿಕ್ಕವಳು ಮನೆಗೆ ಬಂದ ಮೇಲೆ ಸಭೆಯ ಪಾದ್ರಿ ಅಯ್ಯನವರು ನೋಡಲು ಬಂದರು. ಒಂದೇ ಕೋಣೆಯ ಮನೆ. ಇದ್ದ ಒಂದು ಕುರ್ಚಿಯಲ್ಲಿ ಕೂತರು.

"ನಮ್ಮನ್ನ ನೋಯಿಸಿದವರಿಗೆ ಶಾಪ ಹಾಕಬಾರದಮ್ಮ," ಅಂದರು. "ಅವರಿಗೋಸ್ಕರ ಬೇಡ್ಕೋಬೇಕು. ಕರ್ತನು ತೋರಿಸಿಕೊಟ್ಟ ದಾರಿ ಅದು."

"ಅಯ್ಯನವರೇ, ಅವರಿಗೂ ಹೇಳಿದ್ರಾ?" ಚಿಕ್ಕವಳು ಕೇಳಿದಳು. "ನೋಯಿಸಬಾರದು ಅಂತ?"

ಅಯ್ಯನವರು ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟು, ಇನ್ನೊಂದು ಮನೆಗೆ ಹೋಗುವುದಿದೆ ಅಂತ ಎದ್ದರು.

ದೊಡ್ಡವಳು ಮಾತ್ರ ಅವರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಲಿಲ್ಲ. ಗಂಡ ಹೋದ ಮೇಲೆ ತಂಗಿಯೇ ಅವಳಿಗೆ ಮಗಳು. ಬೆಳಿಗ್ಗೆ ತಂಗಿಯ ತಲೆ ಬಾಚಿ, ಕುಪ್ಪಸದ ಗುಂಡಿ ಹಾಕಿ, ಬಾಯಿ ತೊಳೆಸಿ ಕೆಲಸಕ್ಕೆ ಹೋಗುವಳು. ಹೋಗುವ ಮುಂಚೆ ಮೊಣಕಾಲೂರಿ ಮೇಸ್ತ್ರಿಯ ಹೆಸರು ಹೇಳಿ ಬೇಡಿಕೊಳ್ಳುವಳು. ಹಲ್ಲು ಕಚ್ಚಿ ಹೇಳುತ್ತಿದ್ದಳು. ಕಹಿ ಔಷಧಿ ಕುಡಿದ ಹಾಗೆ.

"ಅವನ ಹೆಸರು ಈ ಮನೆಯಲ್ಲಿ ಎತ್ತಬೇಡ ಅಕ್ಕ," ಚಿಕ್ಕವಳು ಹಾಸಿಗೆಯಿಂದಲೇ ಅನ್ನುವಳು. "ಸಾಯ್ಲಿ ಅಂತ ಬೇಡ್ಕೋತೀಯಾದ್ರೆ ನಾನೂ ಎದ್ದು ಕೂತ್ಕೋತೀನಿ."

"ಹಾಗನ್ನಬಾರದು ಕಣೇ."

"ಮತ್ತೆ ಹೇಗನ್ಬೇಕು? ನಿನಗೆ ಹತ್ತು ಬೆರಳಿವೆ. ನೀನು ಏನು ಬೇಕಾದ್ರೂ ಅನ್ನಬಹುದು."

ದೊಡ್ಡವಳು ತಂಗಿಯ ಹೊದಿಕೆ ಸರಿಮಾಡಿ ಕೆಲಸಕ್ಕೆ ಹೋಗುವಳು.

ಲಾಂಡ್ರಿಯಲ್ಲಿ ಚಿಕ್ಕವಳು ನಿಲ್ಲುತ್ತಿದ್ದ ಜಾಗಕ್ಕೆ ಹೊಸಬಳೊಬ್ಬಳು ಬಂದಿದ್ದಳು. ಬಾಯಿಗೆ ಬಿಡುವಿಲ್ಲದ ಹೆಣ್ಣು, ಗಿಣಿ ಅಂತ ಹೆಸರು ಬಿದ್ದಿತ್ತು. ಮನೆಯಲ್ಲಿ ಎಂಟು ತಿಂಗಳ ಕೂಸು. ಹಾಲು ಕಟ್ಟಿಕೊಂಡು ಎದೆ ನೋಯುತ್ತದೆ ಅನ್ನುತ್ತಲೇ ಶೀಟು ಕೊಡುತ್ತಿದ್ದಳು. ಕೈತಡೆ ಇನ್ನೂ ಬೀರುವಿನ ಮೇಲೇ ಇತ್ತು. ಗಿಣಿಯ ಬೆರಳು ರೋಲರಿನ ಹತ್ತಿರ ಹೋದಾಗಲೆಲ್ಲ ದೊಡ್ಡವಳು ಹಿಂದಿನ ಗೋಡೆಯ ಗುಂಡಿಯ ಕಡೆ ತಿರುಗಿ ನೋಡುವಳು. ಎರಡು ಸಲ ಮೇಸ್ತ್ರಿಯ ಹತ್ತಿರ ಹೋಗಿ ಕೇಳಿದಳು. ಅದನ್ನು ಹಾಕಿಸಿಬಿಡಿ ಅಂದಳು. "ಯಾಕೆ, ನಿನ್ನ ತಂಗಿ ಥರ ಎಲ್ಲರೂ ಬಾಯಿಬಡುಕರಾ?" ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜಾತಿ.

ನಾಲ್ಕನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಶೀಟು ರೋಲರಿಗೆ ಸುತ್ತಿಕೊಂಡಿತು. ಗಿಣಿ ಊಟಕ್ಕೆ ಹೋಗಿದ್ದಳು. ಮೇಸ್ತ್ರಿ ಬಂದು ಯಂತ್ರ ನಿಲ್ಲಿಸಿ ತಾನೇ ಬಗ್ಗಿ ಎರಡೂ ಕೈ ಒಳಗೆ ಹಾಕಿದ. "ಗುಂಡಿ ಹತ್ರ ನಿಂತ್ಕೋ. ಹೇಳಿದಾಗ ಒತ್ತು," ಅಂದ. ದೊಡ್ಡವಳು ಹೋಗಿ ನಿಂತಳು. ಶುರು ಮಾಡುವ ಹಸಿರು ಗುಂಡಿಯ ಮೇಲೆ ಹೆಬ್ಬೆರಳಿಟ್ಟಳು. ಅವನ ಬೆನ್ನು ಕಾಣುತ್ತಿತ್ತು. ಎರಡೂ ಕೈ ಮೊಣಕೈವರೆಗೆ ಒಳಗಿದ್ದವು. ಒತ್ತು ಅಂದ ಹಾಗೆ ಕೇಳಿಸಿತು, ಒತ್ತಿಬಿಟ್ಟೆ ಅಂತ ಆಮೇಲೆ ಹೇಳಿದರೆ ಯಾರು ಏನು ಮಾಡುತ್ತಿದ್ದರು? ಅವನೇ ಒಂದು ಕಾಗದ ತಂದು ನಿರ್ಲಕ್ಷ್ಯ ಅಂತ ಬರೆದುಕೊಳ್ಳಲಿ.

ಹೆಬ್ಬೆರಳು ಗುಂಡಿಯನ್ನು ಅರ್ಧ ಒಳಗೆ ತಳ್ಳಿತ್ತು. ಅದನ್ನು ಅವಳು ನೋಡಿದಳು. ಕೈ ಕಿತ್ತುಕೊಂಡು ಕಂಕುಳಲ್ಲಿ ಅದುಮಿಟ್ಟುಕೊಂಡಳು. ಅವನು "ಹಾಂ, ಒತ್ತು" ಅಂದಾಗ ಅವಳಿಂದ ಆಗಲಿಲ್ಲ. ಅವನೇ ಬಂದು ಒತ್ತಿ, "ಮರದ ಕೊರಡು" ಅಂತ ಬೈದು ಹೋದ.

ಅವತ್ತು ಅವಳು ಹೆದರಿದ್ದು ಅವನಿಗಲ್ಲ. ತನ್ನ ಕೈಗೆ.

ಭಾನುವಾರ ಅವಳು ಟೀಚರಮ್ಮನ ಹತ್ತಿರ ಹೋದಳು. ಟೀಚರಮ್ಮ ಶಾಲೆಯ ಕೆಲಸ ಬಿಟ್ಟ ಮೇಲೆ ಸಭೆಯಲ್ಲಿ ಕಾಯಿಲೆಯವರ ಪ್ರಾರ್ಥನೆ ಪಟ್ಟಿ ಬರೆಯುವವರು. ಪ್ರತಿ ವಾರ ಅವರು ಒಂದೊಂದೇ ಹೆಸರು ಓದುತ್ತಾರೆ, ಪ್ರತಿ ಹೆಸರಿಗೂ ಸಭೆ "ಕರ್ತನೇ, ಕರುಣಿಸು" ಅನ್ನುತ್ತದೆ. ಆ ವಾರವೆಲ್ಲ ಸಭೆಯವರು ಇಬ್ಬಿಬ್ಬರಾಗಿ ಆ ಮನೆಗೆ ಹೋಗಿ ಹಾಸಿಗೆಯ ಪಕ್ಕ ಕೂತು ಬೇಡಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಗಟ್ಟಿಮುಟ್ಟಾದ ಒಬ್ಬ ಮನುಷ್ಯನ ಹೆಸರೂ ಆ ಪಟ್ಟಿಗೆ ಬಿದ್ದಿರಲಿಲ್ಲ. ಇದು ದೊಡ್ಡವಳ ತಲೆಗೆ ಹೊಳೆಯಲೇ ಇಲ್ಲ. ಒಬ್ಬಳೇ ಬೇಡಿಕೊಂಡರೆ ಸಾಲುತ್ತಿಲ್ಲ, ಎಲ್ಲರೂ ಸೇರಿ ಬೇಡಿಕೊಳ್ಳಲಿ ಅಂತ ಅಷ್ಟೇ ಅವಳ ಲೆಕ್ಕಾಚಾರ.

"ನಮ್ಮ ಮೇಸ್ತ್ರಿ ಹೆಸರು ಹಾಕಿ ಟೀಚರಮ್ಮ."

"ಅಯ್ಯೋ ಪಾಪ. ಏನಂತೆ ಕಾಯಿಲೆ?"

"ಅದು ನನಗೆ ಹೇಳೋಕೆ ಬರಲ್ಲ."

ಟೀಚರಮ್ಮ ಕನ್ನಡಕದ ಮೇಲಿಂದ ನೋಡಿದರು. ಹೇಳಲಾಗದ ಕಾಯಿಲೆ ಅಂದರೆ ಅವರಿಗೆ ಒಂದೇ ಗೊತ್ತಿದ್ದದ್ದು, ಕ್ಯಾನ್ಸರು. ಮುಖ ಸಣ್ಣ ಮಾಡಿಕೊಂಡು ಬರೆದುಕೊಂಡರು. ಅವತ್ತು ಹೆಸರು ಓದಿದಾಗ ಮೇಸ್ತ್ರಿ ಅಲ್ಲಿರಲಿಲ್ಲ, ಡ್ಯೂಟಿಯಲ್ಲಿದ್ದ. ಕೈಹಿಡಿದು ತರುವವನಿಲ್ಲದೆ ತಾಯಿಯೂ ಬಂದಿರಲಿಲ್ಲ.

ಸೋಮವಾರ ಸಂಜೆ ಅವನ ಮನೆಗೆ ಇಬ್ಬರು ಮುದುಕಿಯರು ಕಿತ್ತಳೆ ಹಣ್ಣು ಹಿಡಿದು ಬಂದರು. ಒಬ್ಬಳು ಹಣೆ ಮುಟ್ಟಿ ನೋಡಿದಳು. ಇನ್ನೊಬ್ಬಳು, "ಕೂತ್ಕೋ ಮಗಾ, ಸುಸ್ತಾಗುತ್ತೆ," ಅಂದಳು. ತನಗೇನೂ ಆಗಿಲ್ಲ ಅಂದ. ಹೀಗೇ ನಮ್ಮ ಯಜಮಾನರೂ ಕೊನೆವರೆಗೆ ಹೇಳ್ತಿದ್ರು ಅಂತ ಆಕೆ ಕಣ್ಣೊರೆಸಿಕೊಂಡಳು. ಮಂಗಳವಾರ ಗಡಿಯಾರ ರಿಪೇರಿಯವನೂ ಅವನ ಹೆಂಡತಿಯೂ ಬಂದರು. ಬುಧವಾರ ಮೂವರು. ಇಲ್ಲ ಅಂದಷ್ಟೂ ಕಾಯಿಲೆ ದೊಡ್ಡದಾಯಿತು. ಮನೆ ತುಂಬ ಕಿತ್ತಳೆ. ತಾಯಿ ಕತ್ತಲೆ ಕಣ್ಣಲ್ಲಿ ಅವನ ಮುಖ ಸವರಿ, "ನನ್ನಿಂದ ಮುಚ್ಚಿಡಬೇಡ ಮಗನೇ," ಅಂತ ಊಟ ಬಿಟ್ಟಳು. ಗುರುವಾರ ಆಸ್ಪತ್ರೆಯ ಮೇಲಧಿಕಾರಿಯೇ ಲಾಂಡ್ರಿಗೆ ಇಳಿದು ಬಂದು, ರಜೆ ಬೇಕಾ ಅಂತ ಕೇಳಿದ. ಯಾರು ಹೆಸರು ಕೊಟ್ಟರು ಅನ್ನುವುದು ಅಷ್ಟರಲ್ಲಿ ಗೊತ್ತಾಗಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿ ನೇರ ರೋಲರಿನ ಹತ್ತಿರ ಬಂದ. ಹದಿಮೂರು ಹೆಂಗಸರು ನೋಡುತ್ತಿದ್ದರು.

"ನನಗೇನು ರೋಗ ಬಂದಿದೆ ಅಂತ ಹೆಸರು ಕೊಟ್ಟೆ?"

"ಬೇಡ್ಕೊಳ್ಳಿ ಅಂತ ಕೊಟ್ಟೆ. ರೋಗ ಅಂತ ನಾನು ಹೇಳಿಲ್ಲ."

"ಇವತ್ತೇ ಹೋಗಿ ತೆಗೆಸು."

"ತೆಗೆಸಲ್ಲ."

ಅವಳು ಜೀವಮಾನದಲ್ಲಿ ಅವನಿಗೆ ಹೇಳಿದ ಮೊದಲ ಇಲ್ಲ ಅದು. ಗಿಣಿಯ ಬಾಯಿ ಕೂಡ ನಿಂತುಹೋಯಿತು.

"ಏನಂದೆ?"

"ನಿಮಗೆ ಕೆಟ್ಟದ್ದು ಮಾಡ್ಲಿಲ್ಲ, ಬೈಲಿಲ್ಲ. ಬೇಡ್ಕೋತೀನಿ ಅಷ್ಟೇ. ಅದನ್ನೂ ಬಿಡು ಅಂದ್ರೆ ಬಿಡಲ್ಲ."

ಅವನು ಅವಳನ್ನು ಹೊಲಸು ಕೋಣೆಗೆ ಹಾಕಿದ. ವಾರ್ಡುಗಳಿಂದ ಬಂದ ಬಟ್ಟೆ ಮೊದಲು ಬೀಳುವುದು ಅಲ್ಲಿ. ರಕ್ತ, ಕೀವು, ಮಲ, ವಾಂತಿ. ಕೈಯಲ್ಲೇ ಬಿಡಿಸಿ ಬೇರೆ ಬೇರೆ ಮಾಡಬೇಕು. ಮಡಿಕೆಯೊಳಗೆ ಸೂಜಿ ಸಿಕ್ಕಿರುತ್ತದೆ. ಅವತ್ತೇ ಹೆರಿಗೆ ವಾರ್ಡಿನ ಬಟ್ಟೆ ಬಿಚ್ಚಿದಾಗ ಒಳಗೆ ಏನಿತ್ತು ಅಂತ ಅವಳು ಯಾರಿಗೂ ಹೇಳಲಿಲ್ಲ. ಶುಕ್ರವಾರ ಒಂದು ಮೂಟೆ ಒಡೆದು ನೆಲವೆಲ್ಲ ಹರಿಯಿತು. ಮೇಸ್ತ್ರಿ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು ಅಂದ:

"ಕೋಲಿನ ಒರೆಸು ಬೇಡ. ಮೊಣಕಾಲೂರೋದು ಚೆನ್ನಾಗಿ ಬರುತ್ತಲ್ಲ ನಿನಗೆ? ಹಾಗೇ ಊರಿ ಒರೆಸು. ಅಲ್ಲೇ ಬೇಡ್ಕೋ ನನಗೋಸ್ಕರ."

ಅವಳು ಊರಿದಳು. ಸೀರೆ ನೆನೆಯಿತು, ಮೊಣಕಾಲು ನೆನೆಯಿತು. ಯಾವ ರೋಗಿಯ ಹೊಟ್ಟೆಯದೋ ಏನೋ ಬೆರಳ ಸಂದಿಯಲ್ಲಿ ಇಳಿಯಿತು. ಅವನು ನಿಂತು ನೋಡಿದ. ಅವಳ ಕಣ್ಣಲ್ಲಿ ನೀರು ಬಂತು. ಬೇಡಿಕೊಳ್ಳಲು ಬಾಯಿ ಬರಲಿಲ್ಲ. ಒರೆಸಿ ಮುಗಿಸಿದಳು. ಮನೆಗೆ ಹೋಗಿ ಮೂರು ಸಲ ಸೋಪು ಹಚ್ಚಿಕೊಂಡಳು. ಆ ವಾಸನೆಯ ಕೈಯಲ್ಲಿ ತಂಗಿಗೆ ಊಟ ಕಲಸಿಕೊಡಲು ಮನಸ್ಸಾಗದೆ ಪಕ್ಕದ ಮನೆಯವರನ್ನು ಕರೆದಳು.

ಭಾನುವಾರ ಸಭೆ ತುಂಬಿತ್ತು. ಮೇಸ್ತ್ರಿ ತಾಯಿಯನ್ನು ಕರೆತಂದು ಮುಂದೆ ಕೂರಿಸಿದ್ದ. ದೊಡ್ಡವಳು ಕೊನೆಯ ಬೆಂಚಿನಲ್ಲಿ, ಗಿಣಿಯ ಪಕ್ಕ. ಟೀಚರಮ್ಮ ಪಟ್ಟಿ ಓದತೊಡಗಿದರು. ಒಂದು ಪಾರ್ಶ್ವವಾಯು. ಒಂದು ಮುರಿದ ಸೊಂಟ. ಆಮೇಲೆ, "ಲಾಂಡ್ರಿ ಮೇಸ್ತ್ರಿ."

ಮೇಸ್ತ್ರಿ ಎದ್ದುನಿಂತ. "ನಿಲ್ಸಿ. ನನಗೇನೂ ಆಗಿಲ್ಲ. ಹೆಸರು ಹೊಡೆದುಹಾಕಿ."

"ಹಾಗೆಲ್ಲ ಹೊಡೆಯೋಕಾಗಲ್ಲ," ಅಂದರು ಟೀಚರಮ್ಮ. ಶಾಲೆ ಬಿಟ್ಟರೂ ಅವರ ದನಿ ಶಾಲೆ ಬಿಟ್ಟಿರಲಿಲ್ಲ. "ಪದ್ಧತಿ ನಿಮಗೂ ಗೊತ್ತು. ವಾಸಿಯಾದೋರು ಎದ್ದುನಿಂತು, ಏನಿತ್ತು, ಹೇಗೆ ವಾಸಿಯಾಯ್ತು ಅಂತ ಎಲ್ಲರ ಮುಂದೆ ಸಾಕ್ಷಿ ಹೇಳಬೇಕು. ಆಮೇಲೆ ಹೊಡೀತೀನಿ."

"ಇಲ್ಲದ ಕಾಯಿಲೆಗೆ ಏನು ಸಾಕ್ಷಿ ಹೇಳ್ಲಿ? ಹೆಸರು ಕೊಟ್ಟೋಳು ಅಲ್ಲಿ ಕೂತಿದ್ದಾಳೆ. ಅವಳನ್ನ ಕೇಳಿ."

ತಾನೇ ತೋಡಿದ ಗುಂಡಿ. ಸಭೆಯೆಲ್ಲ ಹಿಂದೆ ತಿರುಗಿತು.

ದೊಡ್ಡವಳು ಎದ್ದಳು. ಅಷ್ಟು ಜನರ ಮುಂದೆ ಮಾತಾಡಿ ಅವಳಿಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡರೆ ಮಾತ್ರ ಅವಳಿಗೆ ಮಾತು ಬರುತ್ತಿತ್ತು. ಮುಚ್ಚಿಕೊಂಡಳು.

"ಕರ್ತನೇ, ಇವರು ಕೈತಡೆ ಬಿಚ್ಚಿ ಬೀರು ಮೇಲೆ ಇಟ್ಟಿದ್ದಾರೆ. ನನ್ನ ತಂಗಿದು ನಾಲ್ಕು ಬೆರಳು ಹೋಯ್ತು. ಮತ್ತಿನಲ್ಲಿದ್ದವಳ ಹೆಬ್ಬೆಟ್ಟು ಒತ್ತಿಸ್ಕೊಂಡು ಅವಳದ್ದೇ ತಪ್ಪು ಅಂತ ಬರ್ಕೊಂಡ್ರು. ಈಗ ಆ ಜಾಗದಲ್ಲಿ ಗಿಣಿ ನಿಂತಿದ್ದಾಳೆ. ಕೂಸಿನ ತಾಯಿ. ತಡೆ ಇನ್ನೂ ಬೀರು ಮೇಲೇ ಇದೆ. ಇವರಿಗೆ ಕೆಟ್ಟದ್ದು ಮಾಡೋದು ಒಂದಿನ ನನ್ನ ಕೈಗೇ ಬಂದಿತ್ತು. ನಿನಗೆ ಗೊತ್ತು. ಮಾಡ್ಲಿಲ್ಲ. ಇನ್ಮುಂದೆನೂ ಮಾಡದ ಹಾಗೆ ನೋಡ್ಕೋ. ಇವರ ಬೆರಳು ಹತ್ತೂ ಹತ್ತಾಗೇ ಇರ್ಲಿ. ಅದನ್ನ ಕೆಳಗಿಳಿಸೋ ಮನಸ್ಸು ಮಾತ್ರ ಕೊಡು. ಇವರದ್ದು ಏನು ಕಾಯಿಲೆ ಅಂತ ಟೀಚರಮ್ಮ ಕೇಳಿದ್ರು, ನನಗೆ ಹೇಳೋಕೆ ಬರಲಿಲ್ಲ. ಇದೇ."

"ಸಾಕಮ್ಮ," ಅಯ್ಯನವರು ಎದ್ದರು. "ಇದು ಆರಾಧನೆ. ದೂರು ಹೇಳೋ ಜಾಗ ಅಲ್ಲ."

"ನೀವೇ ಹೇಳಿದ್ರಿ ಅಯ್ಯನವರೇ, ಬೇಡ್ಕೋ ಅಂತ. ಸುಳ್ಳು ಹೇಳಿ ಬೇಡ್ಕೊಳ್ಳೋದು ನನಗೆ ಬರಲ್ಲ."

ಅಯ್ಯನವರು ನಿಂತೇ ಇದ್ದರು. ಟೀಚರಮ್ಮ ಪೆನ್ನಿನ ಮುಚ್ಚಳ ತೆಗೆದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಏನೋ ಬರೆದುಕೊಂಡರು. ಮತ್ತೆ ಓದಿದರು. "ಲಾಂಡ್ರಿ ಮೇಸ್ತ್ರಿ."

ಸಭೆ ಬಾಯಿ ಬಿಡಲಿಲ್ಲ. ಯಾರೋ ಕೆಮ್ಮಿದರು. ವಾರವೆಲ್ಲ ಕಿತ್ತಳೆ ಹೊತ್ತವರು ನೆಲ ನೋಡಿದರು. ಕಾಯಿಲೆಯಾಗಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು.

ಆಗ ಮುಂದಿನ ಬೆಂಚಿನಿಂದ ಒಂದು ಮುದಿ ದನಿ ಬಂತು. "ಕರ್ತನೇ, ಕರುಣಿಸು."

ಅವನ ತಾಯಿ.

"ಅಮ್ಮಾ, ಸುಮ್ನಿರು," ಮೇಸ್ತ್ರಿ ಅಂದ.

ಆಕೆ ಬೆಂಚು ಹಿಡಿದುಕೊಂಡು ಎದ್ದಳು. ಮಗ ಎಲ್ಲಿದ್ದಾನೆ ಅಂತ ಕಾಣದೆ ಗೋಡೆಯ ಕಡೆ ಮುಖ ಮಾಡಿ ನಿಂತಳು. "ಕರ್ತನೇ, ನನ್ನ ಮಗನನ್ನ ಕರುಣಿಸು," ಅಂದಳು. ಹೆತ್ತ ಹೊಟ್ಟೆಯಿಂದ ಬಂದ ಮಾತು. ಗಿಣಿ ಅಂದಳು. ಗಡಿಯಾರದವನು ಅಂದ. ಒಬ್ಬೊಬ್ಬರಾಗಿ ಅಂದರು. ಎಲ್ಲರೂ ಅನ್ನಲಿಲ್ಲ.

ದೊಡ್ಡವಳು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗೆದ್ದೆ ಅಂತ ಅನ್ನಿಸಲಿಲ್ಲ. ಆ ಮುದುಕಿಯ ದನಿ ಕೇಳಿದ ಮೇಲೆ ಅವಳಿಗೆ ಒಂದು ವಿಷಯ ಗೊತ್ತಾಯಿತು. ತಾನು ಎದ್ದು ಬೇಡಿಕೊಂಡದ್ದರಲ್ಲಿ ಅರ್ಧ ಪ್ರಾರ್ಥನೆ, ಅರ್ಧ ಕಲ್ಲು. ಆ ಕಲ್ಲು ತಾಗಿದ್ದು ಕಣ್ಣು ಕಾಣದ ಒಬ್ಬ ತಾಯಿಗೆ. ಹೇಳಿದ್ದೆಲ್ಲ ನಿಜ, ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೂ ಎದೆ ಒಡೆದುಹೋಗುವಷ್ಟು ಅತ್ತಳು.

ಸೋಮವಾರ ಗೇಟಿನವನು ತಡೆದ. "ನಿಮ್ಮನ್ನ ಒಳಗೆ ಬಿಡಬಾರದಂತೆ ಅಕ್ಕ," ಅಂದ, ಮುಖ ನೋಡದೆ. ಅವಳು ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಎಲ್ಲಿಗೆ ಹೋಗಬೇಕು ಅಂತ ಕಾಲಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಬೀದಿಯ ಈ ತುದಿಗೂ ಕೇಳುತ್ತಿದ್ದ ರೋಲರಿನ ಗುರ್ರ್ ಸದ್ದು ಇರಲಿಲ್ಲ. ಆಸ್ಪತ್ರೆಯ ಗಾಡಿ ಬಂದು ಹಾರ್ನ್ ಹೊಡೆಯಿತು. ಎರಡನೇ ಗಾಡಿ ಬಂತು. ಖಾಲಿ ನಿಂತಿತು. ಹತ್ತೂವರೆಗೆ ರೋಲರು ಶುರುವಾಯಿತು.

ಮಧ್ಯಾಹ್ನ ಗಿಣಿ ಓಡಿಬಂದಳು.

"ಕೈತಡೆ ಹಾಕೋವರೆಗೆ ಯಾರೂ ಯಂತ್ರ ಮುಟ್ಲಿಲ್ಲ ಅಕ್ಕ. ಹದಿಮೂರು ಜನನೂ ಕೈ ಕಟ್ಕೊಂಡು ನಿಂತ್ವಿ. ಮೇಸ್ತ್ರಿ ಎಲ್ಲರನ್ನೂ ಹೊರಗೆ ಹಾಕ್ತೀನಿ ಅಂದ್ರು. ಹಾಕಿ ಅಂದ್ವಿ. ಆಮೇಲೆ ಆಸ್ಪತ್ರೆಯಿಂದ ಫೋನು, ಆಪರೇಷನ್ನಿಗೆ ಶೀಟಿಲ್ಲ ಅಂತ. ಸ್ಟೂಲ್ ಹತ್ತಿ ಬೀರು ಮೇಲಿಂದ ಇಳಿಸಿದ್ರು. ತಾವೇ ಕೂತು ಹಾಕಿದ್ರು." ಉಸಿರು ಬಿಟ್ಟು, "ನಿಮ್ಮನ್ನ ಮಾತ್ರ ತಗೊಳ್ಳಲ್ವಂತೆ. ಅದಕ್ಕೂ ನಿಲ್ತೀವಿ ಅಕ್ಕ. ಇವತ್ತು ಇಷ್ಟಾಯ್ತು."

ಮೇಸ್ತ್ರಿ ಏನಾದರೂ ಅಂದನಾ ಅಂತ ದೊಡ್ಡವಳು ಕೇಳಿದಳು. ಏನೂ ಅನ್ನಲಿಲ್ಲ, ತಲೆ ಎತ್ತಲಿಲ್ಲ ಅಂದಳು ಗಿಣಿ. ದೊಡ್ಡವಳು ಇನ್ನೂ ಒಂದೆರಡು ಕೇಳಿದಳು. ಗಿಣಿ ಎಲ್ಲಕ್ಕೂ ಉತ್ತರ ಕೊಟ್ಟಳು.

ಮನೆಗೆ ಬಂದಾಗ ಚಿಕ್ಕವಳು ಎಡಗೈಯಲ್ಲಿ ತನ್ನ ಹೆಸರು ಬರೆಯುವುದನ್ನು ಕಲಿಯುತ್ತಿದ್ದಳು. ಹಳೇ ಕ್ಯಾಲೆಂಡರಿನ ಹಿಂದೆ ಸೊಟ್ಟ ಸೊಟ್ಟ ಅಕ್ಷರ. ಇಷ್ಟು ಬೇಗ ಯಾಕೆ ಬಂದೆ ಅಂದಳು. ದೊಡ್ಡವಳು ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಚಿಕ್ಕವಳು ಪೆನ್ಸಿಲ್ ಕೆಳಗಿಡದೆ ಕೇಳಿದಳು.

"ಹಾಕಿದ್ರಾ?"

"ಹಾಕಿದ್ರು. ಗಿಣಿ ತಾಗಿಸಿ ನೋಡಿದ್ಳಂತೆ. ನಿಲ್ಲುತ್ತಂತೆ."

"ಹಾಕೋಕೆ ಎಷ್ಟು ಹೊತ್ತು ಹಿಡೀತಂತೆ ಅಕ್ಕ?"

ದೊಡ್ಡವಳು ಅದನ್ನೂ ಗಿಣಿಯ ಹತ್ತಿರ ಕೇಳಿದ್ದಳು. ಯಾಕೆ ಕೇಳಿದೆನೋ ಅಂತ ಈಗ ಅನ್ನಿಸಿತು. ಗೊತ್ತಿಲ್ಲ ಅನ್ನಬಹುದಿತ್ತು. ಅನ್ನಲು ಆಗಲಿಲ್ಲ.

"ಕಾಲು ಗಂಟೆ."

ಚಿಕ್ಕವಳು ಕ್ಯಾಲೆಂಡರಿನ ಮೇಲೆ ತಲೆಯಿಟ್ಟಳು. ಬೆರಳು ಹೋದ ದಿನ ಕಿರುಚಿದ್ದಳು, ಆಮೇಲೆ ಬೈದಿದ್ದಳು, ಶಪಿಸಿದ್ದಳು. ಅಳುವುದನ್ನು ದೊಡ್ಡವಳು ಇವತ್ತೇ ನೋಡಿದ್ದು. ಸದ್ದಿಲ್ಲದೆ, ಬೆನ್ನು ಮಾತ್ರ ಅಲುಗುತ್ತಿತ್ತು.

ದೊಡ್ಡವಳು ಆ ಬೆನ್ನಿನ ಮೇಲೆ ಕೈಯಿಟ್ಟು ಕೂತಳು. ನಾಲ್ಕು ತಿಂಗಳಿಂದ ಹಲ್ಲು ಕಚ್ಚಿ ಒಂದೊಂದೇ ದಿನ ಕೂಡಿಸಿಟ್ಟ ಕ್ಷಮೆಯೆಲ್ಲ ಆ ಕಾಲು ಗಂಟೆಯಲ್ಲಿ ಸುಟ್ಟುಹೋಗಿತ್ತು. ಮತ್ತೆ ಮೊದಲಿಂದ ಶುರು ಮಾಡಬೇಕಿತ್ತು. ಕಣ್ಣು ಮುಚ್ಚಿ "ಕರ್ತನೇ" ಅಂದಳು. ಮೇಸ್ತ್ರಿಯ ಹೆಸರು ಬಾಯಿಗೆ ಬರಲು ಸಂಜೆಯಾಯಿತು.